ನಾನು ಬಂದರೆ ಸರಿಹೋಗುವ ಕಂಪ್ಯೂಟರ್

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಬೈಸಿಕೊಳ್ಳುವುದು ಎನ್ನುತ್ತೇನೆ. ಸುಳ್ಳಲ್ಲ. ಕಂಪ್ಯೂಟರ್ ನಿಧಾನವಾದಾಗ ಜನ ಯಾರಿಗೆ ಫೋನ್ ಮಾಡಿ ಸಿಡುಕುತ್ತಾರೋ ಆ ಯಾರೋ ನಾನು. ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ, ಅಪ್ಪ ರೈಲ್ವೆಯಲ್ಲಿದ್ದಾಗ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ, ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ತೆಗೆಯುವುದು ಸಂಜೆಗೇ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಮಾಡಿ ಎಂದು ಕಳಿಸಿದ ಆಫೀಸಿನವರು ಮತ್ತೆ ಕರೆಯಲಿಲ್ಲ. ನನಗೂ ಆಗ ಅದೇ ಬೇಕಾಗಿತ್ತು, ಅವ್ವ ಹಾಸಿಗೆ ಹಿಡಿದಿದ್ದಳು.

ಅವ್ವ ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಯಿತು. ಇದನ್ನು ಹೇಗೆ ಹೇಳಲಿ? ಅಪ್ಪ ಮೊದಲೇ ತೀರಿದ್ದ, ನಾನು ಮದುವೆಯಾದವಳಲ್ಲ, ಒಡಹುಟ್ಟಿದವರೂ ಇಲ್ಲ. ಹಾಲಿನವನ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಕೆಲಸದಲ್ಲಿ ಎರಡೂ ಕಲಸಿದ್ದು. ಕನ್ನಡದಲ್ಲಿ ಸಿಟ್ಟು ಬಂದರೆ ಬೈಯಲಿಕ್ಕೂ ಒಬ್ಬರಿಲ್ಲ. ಒಂದು ದಿನ ಚಹಾ ಉಕ್ಕಿ ಒಲೆಯೆಲ್ಲ ಹೊಲಸಾದಾಗ “ಏ ನಿನ್ನ!” ಎಂದೆ. ಆ ಧ್ವನಿ ಕೇಳಿ ನಾನೇ ಬೆಚ್ಚಿಬಿದ್ದೆ. ಆ ಹೊತ್ತಿಗೆ ಮನೆಯೊಳಗೆ ಕನ್ನಡದ ಮಾತು ಕೇಳಿ ಎಷ್ಟೋ ದಿನವಾಗಿತ್ತು.

ಇಂಥ ದಿನಗಳಲ್ಲಿ ಅವಳ ಫೋನ್ ಬಂತು.

ಅಬಿಡ್ಸ್‌ನಲ್ಲಿರುವ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯ ನೋಂದಣಿ ಕೌಂಟರಿನಿಂದ. “ಮೇಡಂ, ಸಿಸ್ಟಂ ಚಾಲಾ ಸ್ಲೋಗಾ ಉಂದಂಡಿ” ಎಂದು ತೆಲುಗಿನಲ್ಲಿ ಶುರುಮಾಡಿದಳು. ರೋಗಿಯ ಹೆಸರು ಬರೆಯುವ ಪುಟ ತೆರೆಯುವುದಿಲ್ಲ, ತೆರೆದರೂ ಅಕ್ಷರ ಒತ್ತಿದ ಎಷ್ಟೋ ಹೊತ್ತಿಗೆ ಮೂಡುತ್ತದೆ, ಹಿಂದೆ ಸಾಲು ಬೆಳೆಯುತ್ತಿದೆ. ನಾನು ಮಾಮೂಲಿ ಪ್ರಶ್ನೆ ಕೇಳುತ್ತಿದ್ದೆ. ನಡುವೆ ಅವಳು, ನನಗಲ್ಲ, ಕಂಪ್ಯೂಟರಿಗೆ ಹೇಳಿದಳು: “ಅಯ್ಯ, ಇದರ ಹೆಣಾ ಎತ್ಲಿ! ಒಂದಕ್ಷರ ಬರವಲ್ದು ನೋಡು.”

ನನ್ನ ಕೈ ಕೀಲಿಮಣೆಯ ಮೇಲೆ ನಿಂತಿತು. ಅವ್ವ ಕುಕ್ಕರಿಗೆ ಬೈಯುತ್ತಿದ್ದದ್ದು ಇದೇ ಮಾತು.

“ಕನ್ನಡದವ್ರೇನ್ರಿ?” ಎಂದೆ.

“ಅಯ್ಯೋ ಯವ್ವಾ! ಕೇಳಿಸ್ತೇನ್ರಿ? ನಾವು ರಾಯಚೂರ ಕಡೆದವ್ರ್ರೀ.”

“ನಮ್ಮವ್ವನೂ ಅಲ್ಲೇದಾಕಿ. ಬೈರಿ, ಬೈರಿ. ಭಾಳ ದಿನಾತು ಕೇಳಿ.”

ಇಬ್ಬರೂ ನಕ್ಕೆವು. ನಕ್ಕದ್ದೇ ಬಂತು, ಕೆಲಸ ಆಗಲಿಲ್ಲ.

ಈ ಆಸ್ಪತ್ರೆಯ ಕೌಂಟರುಗಳಲ್ಲಿ ಇರುವುದು ನಿಜವಾದ ಕಂಪ್ಯೂಟರಲ್ಲ. ಪರದೆ, ಕೀಲಿಮಣೆ, ಹಿಂದೆ ಒಂದು ಚಿಕ್ಕ ಡಬ್ಬಿ, ಅಷ್ಟೇ. ಅಸಲಿ ಯಂತ್ರ ಊರಾಚೆ ತಣ್ಣಗಿನ ಕಟ್ಟಡದಲ್ಲಿರುತ್ತದೆ. ಇಲ್ಲಿ ಕಾಣುವುದು ಅದರ ಚಿತ್ರ ಮಾತ್ರ. ಅದಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಒಂದೇ ಸರ್ವರಿನಲ್ಲಿ ಹತ್ತಾರು ಜನರ ಸಂಸಾರ. ಕೆಳಮನೆಯವರು ನಲ್ಲಿ ತೆರೆದಿಟ್ಟರೆ ಮೇಲಿನವರಿಗೆ ನೀರು ಸಣ್ಣಗೆ ಬರುತ್ತದಲ್ಲ, ಹಾಗೆಯೇ ಒಬ್ಬರು ಜೋರಾಗಿ ಬಳಸಿದರೆ ಉಳಿದವರಿಗೂ ಅಷ್ಟಿಷ್ಟು ತಟ್ಟುತ್ತದೆ. ನಲ್ಲಿ ತೆರೆದಿಟ್ಟವರು ಯಾರು ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು.

ನಾನು ಮನೆಯಿಂದಲೇ ಅವಳ ಪರದೆಯೊಳಗೆ ಹೋಗಬಹುದು, ಆದರೆ ಅವಳು ಒಪ್ಪಿಗೆಯ ಗುಂಡಿ ಒತ್ತಬೇಕು. ಒತ್ತಿದಳು. ಹೋದೆ. ನೋಡಿದರೆ ಪುಟ ಸರಸರ ತೆರೆಯುತ್ತಿದೆ! ನನ್ನ ಹೆಸರನ್ನೇ ರೋಗಿ ಎಂದು ಬರೆದು ನೋಡಿದೆ, ಅಕ್ಷರಗಳು ಟಪಟಪ ಬಿದ್ದವು.

“ಎಲ್ಲೈತ್ರಿ ಸ್ಲೋ?”

“ನೀವು ಒಳಗ ಬಂದ್ರ ಸುಮ್ನ ಓಡತೈತ್ರಿ. ನೀವು ಹ್ವಾದಿಂದ ಮತ್ತ ಅದೇ ಹಾಡು.”

ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ನಾನೂ ಬಿಡುವವಳಲ್ಲ. ಬ್ರೌಸರಿನ ಹಳೆಯ ಕಸವನ್ನೆಲ್ಲ ಅಳಿಸಿದೆ. ಬೇರೆ ಬ್ರೌಸರ್ ಹಾಕಿಸಿದೆ. ಆಸ್ಪತ್ರೆಯ ಇಂಟರ್‌ನೆಟ್ ಲೈನ್ ಅಳೆದೆ. ವೈರಸ್ ಹಿಡಿಯುವ ತಂತ್ರಾಂಶವೇ ಪುಟ ತಡೆಯುತ್ತಿದೆಯೇನೋ ಎಂದು ಅದನ್ನೂ ಜಾಲಾಡಿದೆ. ಸರ್ವರ್ ನೋಡಿಕೊಳ್ಳುವ ತಂಡಕ್ಕೆ ಬರೆದರೆ, “ನಮ್ಮ ಕಡೆಯಿಂದ ಎಲ್ಲ ಸರಿ ಇದೆ” ಎಂಬ ಉತ್ತರ. ಅವರಿಗೆ ಬರುವ ವಾಕ್ಯ ಅದೊಂದೇ. ಮನೆಗೆ ಬೆಂಕಿ ಬಿದ್ದರೂ ಅವರ ಕಡೆಯಿಂದ ಎಲ್ಲ ಸರಿಯೇ ಇರುತ್ತದೆ.

ಅತ್ತ ಅವಳ ಸೂಪರ್‌ವೈಸರ್ ತಲೆಯ ಮೇಲೆ ಕೂತಿದ್ದ. ಫೋನಿನಲ್ಲಿ ಅವನ ಧ್ವನಿ ನನಗೆ ಕೇಳುತ್ತಿತ್ತು: “ಜಲ್ದಿ ಕರೋ ಅಮ್ಮಾ, ಲೋಗಾಂ ಖಡೇ ಹೈ!” ಬೇಗ ಮಾಡಮ್ಮ, ಜನ ನಿಂತಿದ್ದಾರೆ ಎಂದು. ಪಕ್ಕದ ಕೌಂಟರಿನವರೂ ನಿಧಾನ ಎಂದು ಗೊಣಗುತ್ತಿದ್ದರು, ಆದರೆ ಇವಳಷ್ಟು ಯಾರದೂ ಇಲ್ಲ. ಸಪೋರ್ಟಿನವರು ಬಂದಾಗಲೆಲ್ಲ ಸರಿಯಾಗುವ ಯಂತ್ರ ಉಳಿದ ಹೊತ್ತು ಹೇಗೆ ಕೆಡುತ್ತದೆ ಎಂದು ಅವನು ಕೇಳಿದನಂತೆ. ಕೆಲಸಗಳ್ಳಿ ಎಂದು ಬಾಯಿ ಬಿಟ್ಟು ಅಂದಿರಲಿಲ್ಲ, ತಿಂಗಳು ಮುಗಿಯುವಷ್ಟರಲ್ಲಿ ಸಾಲು ಕರಗದಿದ್ದರೆ ಕೌಂಟರಿಗೆ ಬೇರೆಯವರು ಬರುತ್ತಾರೆ ಎಂದಿದ್ದ.

“ನಾ ಸುಳ್ಳ ಹೇಳಾಕತ್ತಿಲ್ರಿ, ದೇವರಾಣಿ” ಎಂದಳು. “ಈ ವಯಸ್ಸಿನ್ಯಾಗ ನನಗ ಮತ್ತ ಯಾರ್ರಿ ಕೆಲಸ ಕೊಡ್ತಾರ?” ಗಂಡ ತೀರಿದ ಮೇಲೆ ಅವಳ ಬದುಕು ಈ ಕೌಂಟರಿನ ಮೇಲೇ ನಿಂತಿತ್ತು.

ಆ ಸಂಜೆ ಅವ್ವನ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಏಳುವ ಮೊದಲು ನನ್ನ ಕೈ ತಾನಾಗಿ ಮಾಡಿದ ಕೆಲಸ ನೋಡಿ: ಮಂಚದ ಮೇಲಿನ ಟವೆಲ್ಲನ್ನು ದಿಂಬಿನಡಿ ತುರುಕಿತು, ಚಾದರ ಎಳೆದು ಸರಿಮಾಡಿತು. ಬಂದವನು ಕರೆಂಟ್ ಬಿಲ್ಲಿನವನು, ಒಳಗೂ ಬರಲಿಲ್ಲ. ಇದು ಅವ್ವ ಕಲಿಸಿದ್ದು. ಯಾರೇ ಬರಲಿ, “ಬಂದೆ, ಒಂದ್ ನಿಮಿಷ!” ಎಂದು ಕೂಗಿ, ಒಣಗಿದ ಬಟ್ಟೆಯನ್ನೆಲ್ಲ ಮಂಚದಡಿ ದೂಡಿ, ಸೆರಗು ಸರಿಮಾಡಿಕೊಂಡೇ ಬಾಗಿಲು ತೆರೆಯುವವಳು. ನಮ್ಮ ಮನೆ ನಿಜವಾಗಿ ಹೇಗಿರುತ್ತದೆಂದು ಕಂಡ ಅತಿಥಿ ಒಬ್ಬರೂ ಇಲ್ಲ.

ಬಾಗಿಲು ಹಾಕುವಾಗ ಥಟ್ಟನೆ ಹೊಳೆಯಿತು. ಅವಳೂ ಪ್ರತಿಸಲ ಹಾಗೇ ಅನ್ನುತ್ತಿದ್ದಳಲ್ಲ! ನಾನು ಒಪ್ಪಿಗೆ ಕೇಳಿದಾಗಲೆಲ್ಲ, “ಒಂದ್ ನಿಮಿಷ ರೀ, ಒಂದ್ ನಿಮಿಷ… ಹಾಂ, ಈಗ ಬರ್ರಿ.” ಆ ನಡುವೆ ಮೌಸಿನ ಒಂದೆರಡು ಕ್ಲಿಕ್ಕು. ಅಯ್ಯ ನನ್ನ ತಲೆಗಿಷ್ಟು! ಅತಿಥಿ ಬರುತ್ತಾಳೆಂದು ಅವಳು ಮನೆ ಒಪ್ಪ ಮಾಡುತ್ತಿದ್ದಳು. ಮಂಚದಡಿ ಏನನ್ನು ದೂಡುತ್ತಿದ್ದಳೋ ಅದೇ ನಮ್ಮ ಕಳ್ಳ.

ಫೋನಿನಲ್ಲಿ ಕೇಳಿದರೆ ನಾಚಿಕೊಂಡು “ಏನಿಲ್ರೀ” ಅಂದುಬಿಡುತ್ತಾಳೆ, ನಾನಾಗಿದ್ದರೂ ಅದನ್ನೇ ಅನ್ನುತ್ತಿದ್ದೆ. ಹೇಳದೆ ಹೋಗುವುದೇ ಸರಿ ಎಂದು ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಬಹಳ ದಿನಗಳ ಮೇಲೆ ಅಬಿಡ್ಸ್‌ಗೆ ಹೋಗುತ್ತಿದ್ದೆ. ಅಂಚೆ ಕಚೇರಿಯ ಹತ್ತಿರ ಇಳಿದು, ಆಟೋಗಳ ನಡುವೆ ದಾಟಿ, ಆಸ್ಪತ್ರೆಯೊಳಗೆ ರೋಗಿಯಂತೆ ಕೂತೆ. ಕಣ್ಣಿಗೆ ಔಷಧ ಬಿಟ್ಟುಕೊಂಡವರು, ಹಸಿರು ಪಟ್ಟಿ ಕಟ್ಟಿಕೊಂಡವರು, ಎಲ್ಲರೂ ಕಣ್ಣು ಮುಚ್ಚಿ ತಲೆ ಗೋಡೆಗೆ ಆನಿಸಿದ್ದರು. ಸೂಪರ್‌ವೈಸರ್ ಸಾಲಿನ ಆ ತುದಿಯಲ್ಲಿ ಕೂಗಾಡುತ್ತಿದ್ದ. ಇಲ್ಲಿ ಯಾರ ಪರದೆಯಲ್ಲಿ ಏನಿದೆಯೆಂದು ನೋಡುವವರು ಯಾರೂ ಇರಲಿಲ್ಲ.

ಕೌಂಟರಿನಲ್ಲಿದ್ದವಳು ಧ್ವನಿಗಿಂತ ಸಣ್ಣ ಆಳು. ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ನೀರಿನ ಫಿಲ್ಟರಿನ ಹತ್ತಿರ ನಿಂತರೆ ಅವಳ ಪರದೆ ಓರೆಯಾಗಿ ಕಾಣುತ್ತಿತ್ತು. ನೋಂದಣಿಯ ಪುಟ, ಅದರ ಬಲಗಡೆ ಕೆಳಗಿನ ಮೂಲೆಯಲ್ಲಿ ಅಂಗೈಯಷ್ಟು ಕಿಟಕಿ. ಅದರಲ್ಲಿ ಒಂದು ಕಲ್ಲಿನ ಅಂಗಳ, ಬೇವಿನ ಮರ, ಕಟ್ಟೆ, ಗುಡಿಯ ಬಾಗಿಲು. ಮೇಲೆ ಕೆಂಪಕ್ಷರದಲ್ಲಿ ‘ಲೈವ್’ ಎಂದಿತ್ತು.

ಓಹೋ, ಇದಾ! ನೇರ ದರ್ಶನ! ನಮ್ಮ ಜನ ಕೆಲಸ ಶುರುಮಾಡುವ ಮೊದಲು ದೇವರ ಪುಟ ತೆರೆದು ಕೈಮುಗಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಕೈಮುಗಿದು ಮುಚ್ಚುತ್ತಾರೆ, ಇವಳು ದಿನವಿಡೀ ಓಡಿಸುತ್ತಿದ್ದಾಳೆ. ವರ್ಚುವಲ್ ಡೆಸ್ಕ್‌ಟಾಪಿನಲ್ಲಿ ವಿಡಿಯೊ ಓಡಿಸಿದರೆ ಅದರ ಒಂದೊಂದು ಚಿತ್ರವನ್ನೂ ಆ ದೂರದ ಸರ್ವರ್ ಬಿಡಿಸಿ, ಈ ಸಣ್ಣ ಲೈನಿನಲ್ಲಿ ಇಲ್ಲಿಗೆ ಹೊತ್ತು ತರಬೇಕು. ಪಾಪ, ರೋಗಿಯ ಹೆಸರಿಗೆ ದಾರಿಯೆಲ್ಲಿ? ನನಗೆ ನೆತ್ತಿಗೇರಿತು. ಎಷ್ಟು ದಿನ ತಲೆ ಕೆಡಿಸಿಕೊಂಡೆನಲ್ಲ!

ಹೋಗಿ ಗದರಿಸಬೇಕೆಂದು ಹೆಜ್ಜೆ ಎತ್ತಿದ್ದೆ. ಅಷ್ಟರಲ್ಲಿ ಆ ಅಂಗಳಕ್ಕೆ ಹಸಿರು ಸೀರೆಯ ಹೆಂಗಸೊಬ್ಬಳು ಬಂದಳು. ಕಟ್ಟೆಯ ಸುತ್ತ ಕಸ ಗುಡಿಸಿ, ಬೇವಿನ ಬುಡಕ್ಕೆ ತಂಬಿಗೆ ನೀರು ಹಾಕಿ, ಕಟ್ಟೆಯ ಮೇಲೆ ಕೂತಳು. ಕೌಂಟರಿನವಳ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತು. ಎದುರಿನ ಮುದುಕನ ಹೆಸರನ್ನು ಆಗಲೇ ಒತ್ತಿ ಮುಗಿಸಿದ್ದಳು, ಪರದೆಯಲ್ಲಿ ಅರ್ಧವೇ ಮೂಡಿತ್ತು; ಅವನು ಮತ್ತೊಮ್ಮೆ ಹೇಳಿದ. ಅವಳ ಮುಖ ನೋಡಿದೆ. ಅದು ದೇವರನ್ನು ನೋಡುವವರ ಮುಖವಲ್ಲ. ತನ್ನವರನ್ನು ನೋಡುವವರ ಮುಖ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹತ್ತಿರ ಹೋಗಿ ಮೆಲ್ಲಗೆ, “ನಾನ್ರಿ, ಸಪೋರ್ಟ್‌ನಾಕಿ” ಎಂದೆ.

ಧ್ವನಿ ಗುರುತು ಹಿಡಿದಳು. ಕಣ್ಣರಳಿತು. ಮೊದಲು ಮಾಡಿದ ಕೆಲಸ, ಮೌಸ್ ಹಿಡಿದು ಆ ಕಿಟಕಿ ಮುಚ್ಚಿದ್ದು. ಕೂಡಲೇ, ತಡೆದು ನಿಂತಿದ್ದ ಅಕ್ಷರಗಳೆಲ್ಲ ಒಟ್ಟಿಗೆ ಮೂಡಿ ಮುದುಕನ ಹೆಸರು ಪೂರ್ತಿಯಾಯಿತು. ಇಬ್ಬರೂ ಅದನ್ನು ನೋಡಿದೆವು.

ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಹೇಳಿದಳು. ಆ ಹೆಂಗಸು ಅವಳ ಅಕ್ಕ. ಗುಡಿ ಅವರ ಊರಿನ ಹಣಮಂತದೇವರದು, ಕಮಿಟಿಯವರು ಕ್ಯಾಮೆರಾ ಹಾಕಿಸಿದ್ದಾರೆ. ಅಕ್ಕನ ಮಗಳ ಮದುವೆಗೆ ಅಕ್ಕ ಬಂದು ಕರೆಯಲಿಲ್ಲ.

“ಹೈದರಾಬಾದಿಗೆ ಬಂದು ಕೈಯಾಗ ಪತ್ರಿಕಿ ಇಟ್ಟು ಕರೀಬೇಕಾಗಿತ್ತಿಲ್ರಿ? ಒಡಹುಟ್ಟಿದಾಕಿ ನಾನು. ಮೊಬೈಲಿನ್ಯಾಗ ಪತ್ರಿಕಿ ಒಗದ್ಲು, ಮಂದಿಗೆ ಒಗದಂಗ. ನಾ ಹೋಗಲಿಲ್ಲ. ‘ನನ್ನ ಮಗಳ ಮದುವಿಗೆ ಬರದಾಕಿ ನನ್ನ ತಂಗಿ ಅಲ್ಲ’ ಅಂದ್ಲಂತ. ಅವತ್ತಿಂದ ಮಾತ ಬಿಟ್ಟೀವಿ.”

“ಹಿಂಗ ನೋಡ್ತೀರೇನು ದಿನಾ?”

“ಒಂದೊಂದ್ ದಿನ ಒಂದೊಂದ್ ಹೊತ್ತಿಗೆ ಬರ್ತಾಳ್ರಿ. ಅದಕ್ಕ ತಗದೇ ಇಟ್ಟಿರ್ತೀನಿ. ನೀವು ಒಳಗ ಬರ್ತೀರಂದ್ರ ಮುಚ್ಚತಿದ್ದೆ. ಡ್ಯೂಟಿ ಮ್ಯಾಲ ಏನ್ ನೋಡ್ತಾಳ ಈಕಿ ಅಂತೀರಂತ.” ಮತ್ತೆ ಕೇಳಿದಳು, “ಇನ್ನೂ ಸಣ್ಣದು ಮಾಡಿ ಇಟ್ರೂ ಆಗಂಗಿಲ್ಲೇನ್ರಿ?”

ಆಗುವುದಿಲ್ಲ ಎಂದೆ. ವಿಡಿಯೊವನ್ನು ಸರ್ವರಿನ ಬದಲು ಕೌಂಟರಿನ ಡಬ್ಬಿಯೇ ಓಡಿಸುವಂತೆ ಮಾಡುವ ದಾರಿಯೊಂದಿದೆ. ಅದಕ್ಕೆ ಆಸ್ಪತ್ರೆಯ ಅನುಮತಿ ಬೇಕು, ಡ್ಯೂಟಿಯಲ್ಲಿ ಗುಡಿಯ ಅಂಗಳ ನೋಡಲಿಕ್ಕೆ ಯಾರು ಕೊಡುತ್ತಾರೆ? ಮೊಬೈಲುಗಳನ್ನಂತೂ ಬೆಳಿಗ್ಗೆಯೇ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ, ಊಟದ ಬಿಡುವಿಗಷ್ಟೇ ಕೈಗೆ ಸಿಗುತ್ತವೆ. ಅವಳು ಮನೆ ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಕತ್ತಲು.

“ಮುಚ್ಚತೀನ್ರಿ” ಎಂದಳು. “ಹೊಟ್ಟಿ ನೋಡ್ಬೇಕಲ್ಲ.” ಊಟದ ಡಬ್ಬಿಯ ಮುಚ್ಚಳ ಹಾಕಿದಳು. ಅನ್ನ ಅರ್ಧಕ್ಕರ್ಧ ಉಳಿದಿತ್ತು.

ಅದನ್ನು ನೋಡಿ ನನ್ನ ಬಾಯಿ ತಡೆಯಲಿಲ್ಲ. “ನಾ ನೋಡ್ತೀನಿ ತಗೋರಿ. ನನ್ನ ಸ್ವಂತ ಲ್ಯಾಪ್‌ಟಾಪ್ ಬಾಜೂಕ ಖಾಲಿ ಕುಂತಿರತೈತಿ. ನಿಮ್ಮಕ್ಕ ಬಂದ್ರ ನಾ ಹೇಳ್ತೀನಿ. ಊಟದ ಹೊತ್ತಿಗೆ ಫೋನ್ ಮಾಡ್ರಿ.”

ಕೌಂಟರ್ ಓಡತೊಡಗಿತು, ಸಾಲು ಕರಗಿತು, ಸೂಪರ್‌ವೈಸರನ ಬಾಯಿ ಮುಚ್ಚಿತು. ದೂರಿನ ಕೆಳಗೆ ‘ಹೆಚ್ಚಿನ ಟ್ಯಾಬ್ ಮುಚ್ಚಲಾಗಿದೆ, ಸರಿಯಾಗಿದೆ’ ಎಂದು ಬರೆದೆ. ಅವಳ ಕೆಲಸ ಉಳಿಯಿತು.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಅಂಗಳ ತೆರೆದುಕೊಂಡಿತು. ಊಟದ ಹೊತ್ತಿಗೆ ಅವಳು ಮೊಬೈಲ್ ಬಿಡಿಸಿಕೊಂಡು ಕೇಳುತ್ತಿದ್ದಳು, “ಬಂದಿದ್ಲೇನ್ರಿ?”

“ಬಂದಿದ್ರು. ನೀಲಿ ಸೀರಿ. ರಂಗೋಲಿ ಹಾಕಿದ್ರು. ಒಂದು ಆಡು ಬಂದು ತುಳೀತು, ಅಟ್ಟಿಸ್ಕೊಂಡು ಹ್ವಾದ್ರು.”

“ಓಡ್ತಾಳೇನ್ರಿ ಇನ್ನೂ! ಮೊಣಕಾಲು ನೋವಂತಿದ್ಲು.”

“ಓಡಾಕ ಬರತೈತಿ ಬಿಡ್ರಿ ಅವರಿಗೆ. ಆಡಿಗಿಂತ ಜೋರು.”

ಅವಳು ನಗುತ್ತಿದ್ದಳು. ನಿಜ ಹೇಳುತ್ತೇನೆ, ನನಗೆ ಆ ಫೋನಿನದೇ ದಾರಿ ಕಾಯುವಂತಾಯಿತು. ಬೆಳಿಗ್ಗೆ ಏಳುವಾಗಲೇ ಇವತ್ತು ಹೇಳಲಿಕ್ಕೆ ಏನಾದರೂ ಸಿಗಲಿ ಎಂದುಕೊಳ್ಳುತ್ತಿದ್ದೆ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಕಸ ಗುಡಿಸುವುದನ್ನು ನೋಡುತ್ತ, ಅವಳು ತಡಮಾಡಿದರೆ “ಎಲ್ಲಿ ಹ್ವಾದ್ಳು ಈಕಿ” ಎಂದು ಗೊಣಗುತ್ತಿದ್ದೆ. ಮನೆಯಲ್ಲಿ ಮತ್ತೆ ಕನ್ನಡ ಶುರುವಾಗಿತ್ತು. ಭಾನುವಾರ ಅವಳಿಗೆ ರಜೆ, ತಾನೇ ನೋಡಿಕೊಳ್ಳುತ್ತಿದ್ದಳು. ನನಗೆ ಭಾನುವಾರ ಬೇಡವಾಗಿತ್ತು.

ಆಮೇಲೆ ಅಕ್ಕ ಬರುವುದು ನಿಂತಿತು. ಒಂದು ದಿನ ಇಲ್ಲ, ಮರುದಿನ ಇಲ್ಲ, ಬೇವಿನೆಲೆ ಕಟ್ಟೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. “ಬಂದಿದ್ಲೇನ್ರಿ?” “ಇಲ್ರಿ.” ಯಾರನ್ನಾದರೂ ಕೇಳಿ ಎಂದರೆ, ಮಾತು ಬಿಟ್ಟವಳು ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದಳು. ವಾರ ಕಳೆದು ಅಕ್ಕ ಬಂದಳು, ಕೋಲು ಊರಿಕೊಂಡು. ಗುಡಿಸಲಿಲ್ಲ, ಕಟ್ಟೆಯ ಮೇಲೆ ಕೂತು ಬಾಗಿಲ ಕಡೆಯೇ ನೋಡುತ್ತಿದ್ದಳು. ಅದನ್ನು ಹೇಳಿದೆ.

“ಕೋಲು ಯಾವ ಕೈಯಾಗಿತ್ರಿ? ಸೊರಗ್ಯಾಳೇನ್ರಿ? ನಾಳೆ ಸರಿಯಾಗಿ ನೋಡಿ ಹೇಳ್ರಿ” ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. “ನಾ ಯಾಕ ನೋಡಿ ಹೇಳ್ಬೇಕ್ರಿ? ರಾಯಚೂರಿಗೆ ಬಸ್ಸಿಲ್ಲೇನು? ಬಂದು ಕರೀಲಿಲ್ಲ ಅಂತ, ಪತ್ರಿಕಿ ಅಂತ! ನಿಮ್ಮಕ್ಕ ಜೀವಂತ ಅದಾರ. ನಮ್ಮವ್ವನ್ನ ತೋರಿಸೂ ಕ್ಯಾಮೆರಾ ಎಲ್ಲ್ಯರ ಐತೇನು? ಇದ್ರ ಹೇಳ್ರಿ, ದಿನಾ ಕುಂತು ನೋಡ್ತೀನಿ!”

ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅವಳಿಗೆ ಗೊತ್ತಾಗಬಾರದೆಂದು ಫೋನ್ ಇಟ್ಟುಬಿಟ್ಟೆ.

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನಾಗಿಯೇ ಮಾಡಬಹುದಿತ್ತು, ಬಿಗುಮಾನ. ಇಷ್ಟು ದಿನಕ್ಕೆ ಸಿಕ್ಕ ಒಂದು ಜೀವವನ್ನೂ ಚೀರಾಡಿ ಕಳೆದುಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಊಟದ ಹೊತ್ತಿನಲ್ಲಿ ಮನೆ ಮೊದಲಿಗಿಂತ ನಿಶ್ಶಬ್ದವಾಗಿತ್ತು.

ಆಮೇಲಿನ ಒಂದು ಮಧ್ಯಾಹ್ನ ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ಕಡೆ ಕಣ್ಣು ಹಾಯಿಸಿದೆ. ಬೇವಿನ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಒಬ್ಬಳ ಪಕ್ಕದಲ್ಲಿ ಕೋಲು. ಇನ್ನೊಬ್ಬಳು ಸಣ್ಣ ಆಳು, ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಧ್ವನಿ ಬರುವ ಕ್ಯಾಮೆರಾ ಅಲ್ಲ ಅದು. ಅಕ್ಕ ಕೈ ಆಡಿಸುತ್ತ ಏನೋ ಜಗಳವಾಡುತ್ತಿದ್ದಳು, ತಂಗಿಯೂ ಬಿಡದೆ ಆಡುತ್ತಿದ್ದಳು, ಹಾಗೆ ಆಡುತ್ತಲೇ ಅಕ್ಕ ತನ್ನ ಸೆರಗಿನಿಂದ ತಂಗಿಯ ಮುಖ ಒರೆಸಿದಳು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತೆ. ಇನ್ನು ಮಧ್ಯಾಹ್ನದ ಫೋನ್ ಇಲ್ಲ ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು. ಸಂತೋಷವಾಯಿತು, ಸಂಕಟವೂ ಆಯಿತು.

ಆಗ ತಂಗಿ ಎದ್ದು ಬೆರಳೆತ್ತಿ ಕ್ಯಾಮೆರಾ ತೋರಿಸಿದಳು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಇಬ್ಬರೂ ನೆಟ್ಟಗೆ ನನ್ನ ಮನೆಯೊಳಗೇ ನೋಡುತ್ತಿದ್ದರು. ನಾನು ಗಡಬಡಿಸಿ ಎದ್ದೆ. ಕುರ್ಚಿಯ ಮೇಲಿನ ಟವೆಲ್ ತೆಗೆದು ದಿಂಬಿನಡಿ ತುರುಕಿದೆ, ಅವ್ವನ ಮಂಚದ ಚಾದರ ಎಳೆದು ಸರಿಮಾಡಿದೆ, ಸೆರಗು ಹೊದ್ದುಕೊಂಡೆ. ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಕೈ ಬೀಸುತ್ತಿದ್ದರು.

ಲೈವ್ ಎಂದು ಬರೆದಿದ್ದರೂ ಅದು ಲೈವ್ ಅಲ್ಲ. ಅಲ್ಲಿ ಆದದ್ದು ಇಲ್ಲಿಗೆ ಬಂದು ಮುಟ್ಟಲಿಕ್ಕೆ ಹೊತ್ತು ಹಿಡಿಯುತ್ತದೆ, ನನ್ನ ಕಸುಬೇ ಅದು, ನನಗೆ ಗೊತ್ತು. ನಾನು ನೋಡುವ ಹೊತ್ತಿಗೆ ಅಲ್ಲಿ ಅವರು ಕೈ ಇಳಿಸಿ, ಕೋಲು ತಗೊಂಡು, ಊಟಕ್ಕೆ ಮನೆ ಕಡೆ ಹೊರಟೂ ಆಗಿರಬೇಕು. ಅಲ್ಲದೆ ನನ್ನ ಕಡೆ ಕ್ಯಾಮೆರಾವೂ ಇಲ್ಲ.

ಆದರೂ ಕೈ ಎತ್ತಿ ಬೀಸಿದೆ. “ಬರ್ರಿ” ಎಂದೆ ಜೋರಾಗಿ, “ಒಳಗ ಬರ್ರಿ.” ಪರದೆಯಲ್ಲಿ ಅಂಗಳ ಖಾಲಿಯಾಯಿತು.